ಅಲೆಕ್ಸಾಂಡ್ರಿಯ ಪಟ್ಟಣವು ಯಾರದು?

ಈಜಿಪ್ಟಿನ ಪ್ರಾಚೀನ ಇತಿಹಾಸವು ಕನ್ನಡ ವಿದ್ವಾಂಸರಿಗೆ ತೀರ ಅಪರಿಚಿತವಾದುದಲ್ಲ. ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡದವಾಗಿರಬಹುದೆಂದು ಜರ್ಮನ್ ಪಂಡಿತ ಹುಲ್ಟ್ಸ್ ಅವರು 1904ರಲ್ಲಿ ಸೂಚಿಸಿದಂದಿನಿಂದ ಆ ವಿಷಯವಾಗಿ ನಮ್ಮಲ್ಲಿ ಬಹಳ ಚರ್ಚೆ ನಡೆದಿದೆ. ಒಮ್ಮತವು ಮಾತ್ರ ಇನ್ನೂ ಮೂಡಿಲ್ಲ. ಆ ವಾದವನ್ನು ಮತ್ತೆ ಎತ್ತುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆದರೆ ನಮ್ಮ ಪಶ್ಚಿಮ ಸಮುದ್ರತೀರಕ್ಕೂ ಆ ನಾಡಿಗೂ ನಡೆಯುತ್ತಿದ್ದ ವ್ಯಾಪಾರಕ್ಕೆ ಮಹಾದ್ವಾರವಾಗಿದ್ದ ಪಟ್ಟಣವೊಂದಿತ್ತು. ಮುಜಿರಿಸಿನ ಸರಕು ಕೆಂಪು ಸಮುದ್ರವನ್ನು ದಾಟಿ, ಒಂಟೆಗಳ ಮೇಲೆ ಮರುಭೂಮಿಯನ್ನು ಕಳೆದು, ನೈಲ್ ನದಿಯ ದೋಣಿಗಳಲ್ಲಿ ಬಂದಿಳಿದು, ನಾಲ್ಕನೆಯ ಒಂದು ಪಾಲಿನ ಸುಂಕವನ್ನು ತೆರುತ್ತಿದ್ದುದು ಅಲ್ಲಿಯೇ. ಆ ಅಲೆಕ್ಸಾಂಡ್ರಿಯವು ಎರಡು ಸಾವಿರದ ಮುನ್ನೂರು ವರ್ಷಗಳಲ್ಲಿ ಯಾರ ಊರಾಗಿತ್ತು, ಯಾರದಾಗಿರಲಿಲ್ಲ ಎಂಬುದೇ ಇಲ್ಲಿಯ ವಿಚಾರ.

ಕ್ರಿ. ಪೂ. 331ರಲ್ಲಿ ಅಲೆಕ್ಸಾಂಡರನು ಈ ಪಟ್ಟಣಕ್ಕೆ ಅಡಿಪಾಯ ಹಾಕಿಸಿದನು. ರಕೋಟಿಸ್ ಎಂಬ ಈಜಿಪ್ಟಿನವರ ಊರು ಅಲ್ಲಿ ಮೊದಲೇ ಇದ್ದಿತು. ಟಾಲೆಮಿ ವಂಶದವರ ಕಾಲದಲ್ಲಿ ಅಲ್ಲಿ ದೀಪಸ್ತಂಭವೂ ಮಹಾಗ್ರಂಥಾಲಯವೂ ಎದ್ದು ನಿಂತುವು. ಎರಟಾಸ್ತನೀಸನು ಭೂಮಿಯ ಸುತ್ತಳತೆಯನ್ನು ಗಣಿಸಿದನು. ಯೆಹೂದ್ಯರ ಧರ್ಮಗ್ರಂಥವು ಹೀಬ್ರೂವಿನಿಂದ ಗ್ರೀಕಿಗೆ ಬಂದಿತು. ಇಷ್ಟಾದರೂ ರೋಮನರು ಅದನ್ನು ಕರೆದ ಹೆಸರು ಗಮನಾರ್ಹವಾದುದು. 'ಈಜಿಪ್ಟಿನಲ್ಲಿರುವ ಅಲೆಕ್ಸಾಂಡ್ರಿಯ' ಎಂದಲ್ಲ, 'ಈಜಿಪ್ಟಿನ ಪಕ್ಕದ ಅಲೆಕ್ಸಾಂಡ್ರಿಯ' ಎಂದು ಅದರ ಅರ್ಥ. ನಗರವು ತಾನು ನಿಂತ ನೆಲಕ್ಕೆ ಸೇರಿದುದಲ್ಲವೆಂಬ ಭಾವನೆಯು ಹೆಸರಿನಲ್ಲಿಯೇ ಅಡಗಿತ್ತು.

ಈ ಭಾವನೆಯು ಕಾನೂನಿನಲ್ಲಿಯೂ ಇದ್ದಿತು. ರೋಮನರ ಆಳ್ವಿಕೆಯಲ್ಲಿ ನಗರದ ಗ್ರೀಕ್ ಪೌರರಿಗೆ ತಲೆಗಂದಾಯವಿರಲಿಲ್ಲ; ನಾಡಿನ ಮೂಲನಿವಾಸಿಗಳು ಅದನ್ನು ತೆರಬೇಕಾಗಿತ್ತು. ಕ್ರಿ. ಶ. 38ರಲ್ಲಿ ಯೆಹೂದ್ಯರ ಮೇಲೆ ಭೀಕರವಾದ ದೊಂಬಿ ನಡೆದ ಮೇಲೆ ಸಾಮ್ರಾಟ ಕ್ಲಾಡಿಯಸನು 41ರಲ್ಲಿ ನಗರಕ್ಕೆ ಬರೆದ ಪತ್ರವು ಪಪೈರಸಿನ ಮೇಲೆ ಉಳಿದುಬಂದಿದೆ. ಯೆಹೂದ್ಯರ ಆಚಾರಗಳಿಗೆ ಅಡ್ಡಿಮಾಡಬಾರದೆಂದು ಅವನು ಗ್ರೀಕರಿಗೆ ವಿಧಿಸಿದನು; ಜೊತೆಗೆ, ತಮ್ಮದಲ್ಲದ ಪಟ್ಟಣದಲ್ಲಿ ದೊರೆತ ಸೌಕರ್ಯಗಳಿಂದಲೇ ತೃಪ್ತರಾಗಿರಬೇಕೆಂದು ಯೆಹೂದ್ಯರಿಗೆ ಎಚ್ಚರಿಕೆಯನ್ನೂ ಕೊಟ್ಟನು. ಅವರಾದರೋ ಸುಮಾರು ಮುನ್ನೂರು ವರ್ಷಗಳಿಂದ ಅಲ್ಲಿಯೇ ಹುಟ್ಟಿ ಬೆಳೆದು ಮಣ್ಣಾಗುತ್ತಿದ್ದವರು. ಗ್ರೀಕನ್ನೇ ಮನೆಮಾತಾಗಿ ಮಾಡಿಕೊಂಡಿದ್ದವರು. 115-117ರ ದಂಗೆಯಲ್ಲಿ ಆ ಸಮಾಜವು ಬಹುಮಟ್ಟಿಗೆ ನಾಶವಾಯಿತು. 215ರಲ್ಲಿ ಸಾಮ್ರಾಟ ಕ್ಯಾರಕಲ್ಲನು ಹಳ್ಳಿಗಳಿಂದ ಬಂದು ಸೇರಿದ್ದ ಈಜಿಪ್ಟಿನವರನ್ನೇ ನಗರದಿಂದ ಹೊರಡಿಸುವಂತೆ ಆಜ್ಞೆಮಾಡಿದನು. ಹೀಗೆ ಮುನ್ನೂರು ವರ್ಷ ಬಾಳಿದವನಿಗೂ ಪಟ್ಟಣವು ತನ್ನದಾಗಲಿಲ್ಲ. ನೆಲದ ಮಗನಿಗೂ ಆಗಲಿಲ್ಲ.

641-42ರ ಅರಬರ ವಿಜಯದ ಅನಂತರ ರಾಜಧಾನಿಯು ಒಳನಾಡಿನ ಫುಸ್ತಾತಿಗೆ ಹೋಯಿತು. ಅಲ್ಲಿಂದ ಮುಂದೆ ಸಾವಿರ ವರ್ಷ ಅಲೆಕ್ಸಾಂಡ್ರಿಯವು ನಿದ್ರಿಸಿತೆಂದು ಪಾಶ್ಚಾತ್ಯ ಗ್ರಂಥಕಾರರಲ್ಲಿ ಹಲವರು ಬರೆದಿದ್ದಾರೆ. ಈ ಮಾತನ್ನು ಒಪ್ಪುವುದು ಕಷ್ಟ. 1183ರಲ್ಲಿ ಬಂದ ಆಂಡಲೂಸಿಯದ ಇಬ್ನ್ ಜುಬೈರನು, ದೂರದೇಶಗಳಿಂದ ಬರುವ ವಿದ್ಯಾರ್ಥಿಗಳಿಗಾಗಿ ಅಲ್ಲಿ ಏರ್ಪಡಿಸಿದ್ದ ವಿದ್ಯಾಲಯ, ವಸತಿ, ಆಸ್ಪತ್ರೆಗಳನ್ನು ಕಂಡು ಮೆಚ್ಚಿಕೊಂಡಿದ್ದಾನೆ. ಇಂದು ನಗರದ ಜನ ಅತ್ಯಂತ ಭಕ್ತಿಯಿಂದ ಕಾಣುವ ಸಂತ ಅಬುಲ್ ಅಬ್ಬಾಸ್ ಅಲ್ ಮುರ್ಸಿ ಆಂಡಲೂಸಿಯದ ಮುರ್ಸಿಯ ಎಂಬ ಊರಿನಿಂದ ಬಂದವನು. ಹೆಸರಿನಲ್ಲಿ ಹುಟ್ಟೂರು ಉಳಿದರೂ ಅವನನ್ನು ಯಾರೂ ಪರಕೀಯನೆನ್ನಲಿಲ್ಲ. 1326ರಲ್ಲಿ ಇಬ್ನ್ ಬತೂತನು ಬಂದಾಗ ದೀಪಸ್ತಂಭದ ಒಂದು ಪಾರ್ಶ್ವ ಕುಸಿದಿತ್ತು. ಬುರ್ಹಾನುದ್ದೀನನೆಂಬ ಅಲ್ಲಿಯ ಸಂತನು ಅವನಿಗೆ, ನೀನು ಹಿಂದ್, ಸಿಂಧ್ ಮತ್ತು ಚೀನಗಳನ್ನು ಕಾಣುವೆಯೆಂದು ಭವಿಷ್ಯ ನುಡಿದನಂತೆ. ಅದೇ ಪ್ರವಾಸಿಯು ಮುಂದೆ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನು ಕಂಡುದಾಗಿ ಬರೆದಿಟ್ಟನು. ನಿದ್ರಿಸುತ್ತಿದ್ದ ಊರಿನ ಲಕ್ಷಣ ಇದಲ್ಲ.

ಆದರೂ ಕಾಲಕ್ರಮದಲ್ಲಿ ಪಟ್ಟಣವು ಕ್ಷೀಣಿಸಿದುದು ನಿಜ. 1798ರಲ್ಲಿ ನೆಪೋಲಿಯನ್ನನು ಬಂದಿಳಿದಾಗ ಅಲ್ಲಿ ಉಳಿದಿದ್ದುದು ಕೆಲವೇ ಸಹಸ್ರ ಜನ. ಮುಹಮ್ಮದ್ ಅಲಿಯು 1817-20ರಲ್ಲಿ ಮಹಮೂದಿಯ ಕಾಲುವೆಯನ್ನು ತೋಡಿಸಿ ನೈಲಿನ ನೀರನ್ನು ತಂದನು; ಬಿಟ್ಟಿಗೆ ಹಿಡಿದು ತಂದ ರೈತರಲ್ಲಿ ಸಾವಿರಾರು ಮಂದಿ ಆ ಕೆಲಸದಲ್ಲಿ ಮಡಿದರು. ಹತ್ತಿಯ ವ್ಯಾಪಾರ ಬೆಳೆಯಿತು. ಗ್ರೀಕರು, ಇಟಾಲಿಯನರು, ಸಿರಿಯದವರು, ಯೆಹೂದ್ಯರು ಬಂದು ನೆಲೆಸಿದರು. ಶತಮಾನದ ಮಧ್ಯಭಾಗಕ್ಕೆ ಜನಸಂಖ್ಯೆ ಲಕ್ಷವನ್ನು ಮೀರಿತು.

ಈ ಯುಗವನ್ನೇ ಸರ್ವಜನಸಮನ್ವಯದ ಸುವರ್ಣಯುಗವೆಂದು ವರ್ಣಿಸುವುದು ವಾಡಿಕೆಯಾಗಿದೆ. ಅದರಲ್ಲಿ ಅರ್ಧ ಸತ್ಯವುಂಟು. ವಿಶೇಷ ಸೌಲಭ್ಯಗಳ ಒಪ್ಪಂದಗಳಂತೆ ಪರದೇಶದ ಪ್ರಜೆಗಳನ್ನು ದೇಶೀಯ ನ್ಯಾಯಾಲಯಗಳು ವಿಚಾರಿಸುವಂತಿರಲಿಲ್ಲ. ಅವರವರ ರಾಷ್ಟ್ರಗಳ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತೆಯೂ ಇರಲಿಲ್ಲ. 1876ರಿಂದ ಕೆಲಸಕ್ಕೆ ತೊಡಗಿದ ಮಿಶ್ರ ನ್ಯಾಯಾಲಯಗಳ ವ್ಯವಹಾರವು ಬಹುಮಟ್ಟಿಗೆ ಫ್ರೆಂಚ್ ಭಾಷೆಯಲ್ಲಿ ನಡೆಯುತ್ತಿತ್ತು. 1882ರ ಜುಲೈ 11ರಂದು ಬ್ರಿಟಿಷ್ ನೌಕಾಪಡೆಯು ನಗರದ ಮೇಲೆ ಗುಂಡಿನ ಮಳೆಗರೆದ ಮೇಲಂತೂ ಈ ವ್ಯವಸ್ಥೆಗೆ ಪರದೇಶೀಯ ಸೈನ್ಯದ ಬೆಂಬಲವೂ ದೊರೆತಂತಾಯಿತು. ನಗರದ ಬಹುಸಂಖ್ಯಾತರು ಅರಬ್ಬೀ ಮಾತನಾಡುವವರಾಗಿದ್ದರೂ ಅವರಿಗೆ ಅಲ್ಲಿದ್ದುದು ಹಿಂದಿನ ಸಾಲಿನ ಸ್ಥಾನ. ಗ್ರೀಕ್ ಕವಿ ಕವಾಫಿ ಅಲ್ಲಿಯ ನೀರಾವರಿ ಕಚೇರಿಯಲ್ಲಿ ನೌಕರಿ ಮಾಡುತ್ತ ಮಹತ್ಕಾವ್ಯವನ್ನು ರಚಿಸುತ್ತಿದ್ದ ವರ್ಷಗಳಲ್ಲಿಯೇ, ಕೋಮ್ ಅಲ್ ದಿಕ್ಕಾ ಬಡಾವಣೆಯಲ್ಲಿ ಹುಟ್ಟಿದ ಸಯ್ಯದ್ ದರ್ವೀಶನು ಗಾರೆಯ ಕೆಲಸ ಮಾಡುತ್ತ ಹಾಡಲಾರಂಭಿಸಿ ಆಧುನಿಕ ಅರಬ್ಬೀ ಸಂಗೀತಕ್ಕೆ ಹೊಸ ಜೀವ ತುಂಬಿದನು. ಇಂಗ್ಲಿಷ್ ಓದುವ ಲೋಕವು ಫಾರ್ಸ್ಟರ್, ದರೆಲರ ಮೂಲಕ ಮೊದಲನೆಯವನ ನಗರವನ್ನು ಅರಿತಿದೆ. ಎರಡನೆಯವನ ನಗರವನ್ನು ಅಷ್ಟಾಗಿ ಅರಿತಿಲ್ಲ.

ಅಸಮಾಧಾನವು ಫಲಿಸುವ ಕಾಲ ಬಂದಿತು. ವಿಶೇಷ ಸೌಲಭ್ಯಗಳು 1937ರ ಒಪ್ಪಂದದಿಂದ ರದ್ದಾದುವು. ಮಿಶ್ರ ನ್ಯಾಯಾಲಯಗಳು 1949ರಲ್ಲಿ ಮುಚ್ಚಿದುವು. ಒಂದು ಕಾಲಕ್ಕೆ 'ಕಾನ್ಸಲರ ಚೌಕ'ವೆನಿಸಿದ್ದ ಮನ್ಷಿಯ ಚೌಕದಲ್ಲಿ, ಅದೇ ನಗರದಲ್ಲಿ ಹುಟ್ಟಿದ ನಾಸರ್ ಅವರು 1956ರ ಜುಲೈ 26ರಂದು ಸೂಯೆಜ್ ಕಾಲುವೆಯ ರಾಷ್ಟ್ರೀಕರಣವನ್ನು ಘೋಷಿಸಿದರು. ಆ ವರ್ಷದ ಯುದ್ಧದ ಅನಂತರ ಬ್ರಿಟಿಷರು, ಫ್ರೆಂಚರು ಮತ್ತು ಬಹುಮಂದಿ ಯೆಹೂದ್ಯರು ದೇಶವನ್ನು ಬಿಡಬೇಕಾಯಿತು. 1961ರ ರಾಷ್ಟ್ರೀಕರಣಗಳಿಂದ ಗ್ರೀಕರೂ ಇಟಾಲಿಯನರೂ ಹೊರಟರು. ಹೋದವರೆಲ್ಲರೂ ಕೋಟ್ಯಧೀಶರಲ್ಲ; ಅಂಗಡಿಯವರು, ಗುಮಾಸ್ತರು, ಉಪಾಧ್ಯಾಯರು ಇದ್ದರು. ಬೇರೆ ಊರನ್ನು ಕಾಣದವರಿಗೂ ಕ್ಲಾಡಿಯಸನ ಮಾತೇ ಮತ್ತೊಮ್ಮೆ ಕೇಳಿಬಂದಂತಾಯಿತು.

ಇಂದು ಅಲೆಕ್ಸಾಂಡ್ರಿಯವು ಲಕ್ಷಗಟ್ಟಲೆ ಜನರ ಅರಬ್ಬೀ ನಗರ. 2002ರಲ್ಲಿ ಹೊಸ ಗ್ರಂಥಾಲಯವು ಉದ್ಘಾಟನೆಗೊಂಡಿತು. ಯೆಹೂದ್ಯರ ಎಲಿಯಾಹು ಹನಾವಿ ಮಂದಿರವನ್ನು ಸರ್ಕಾರವೇ ಜೀರ್ಣೋದ್ಧಾರ ಮಾಡಿಸಿ 2020ರಲ್ಲಿ ತೆರೆಯಿತು. ಮಂದಿರವು ಭವ್ಯವಾಗಿದೆ, ಪ್ರಾರ್ಥಿಸಲು ಜನವಿಲ್ಲ.

ಈ ನಗರದ ಸಂಕಟಕ್ಕೆ ಅಲ್ಲಿ ಹಲವು ಜನ, ಹಲವು ನುಡಿಗಳಿದ್ದುದು ಕಾರಣವಲ್ಲ. ಅವರನ್ನು ಬೇರೆ ಬೇರೆ ಪಂಕ್ತಿಗಳಲ್ಲಿ ಕುಳ್ಳಿರಿಸಿದ ಕಾನೂನೇ ಕಾರಣವೆಂದು ನಮಗೆ ತೋರುತ್ತದೆ. ಪಂಕ್ತಿಭೇದದಿಂದ ಲಾಭಪಡೆದವರು ನೆರೆಯವರ ನುಡಿಯನ್ನು ಕಲಿಯುವ ಅಗತ್ಯವನ್ನೇ ಕಾಣಲಿಲ್ಲ. ಅದರಿಂದ ನೊಂದವರು ಅಧಿಕಾರ ಬಂದಾಗ ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ವಿಂಗಡಿಸಲಿಲ್ಲ. ಹೊರನಾಡಿನ ಪಟ್ಟಣಗಳಲ್ಲಿ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬರುತ್ತಿರುವ ನಮಗೆ ಈ ಇತಿಹಾಸವು ಕೇವಲ ಪರದೇಶದ ಕಥೆಯೆನಿಸಲಾರದು. ನಮ್ಮ ನುಡಿಯನ್ನು ಉಳಿಸಿಕೊಳ್ಳುವ ಹಕ್ಕು ನಮ್ಮದು. ಊರಿನ ನುಡಿಯನ್ನು ಕಲಿತು ಅದರ ಕಷ್ಟಸುಖದಲ್ಲಿ ಪಾಲುಗೊಳ್ಳುವ ಹೊಣೆಯೂ ನಮ್ಮದೇ.