437 ತೋಪು ಎಲ್ಲಿಂದ ಬಂದ್ವು?

ಎಂಪೈರ್: ಟೋಟಲ್ ವಾರ್ ಅನ್ನೋ ಆಟ 1700ಕ್ಕೆ ಶುರುವಾಗಿ 1799ಕ್ಕೆ ಮುಗಿಯುತ್ತದೆ. ಏಜ್ ಆಫ್ ಎಂಪೈರ್ಸ್ ಮೂರನೇ ಭಾಗಕ್ಕೆ 2007ರಲ್ಲಿ ಬಂದ ಏಷ್ಯನ್ ಡೈನಾಸ್ಟೀಸ್‌ನಲ್ಲಿ ಭಾರತದ ಕಥೆ ಶುರುವಾಗೋದೇ 1857ಕ್ಕೆ. ಮೊದಲನೆಯದರಲ್ಲಿ ಮರಾಠರಿದ್ದಾರೆ, ಮೈಸೂರಿದೆ. ಎರಡನೆಯದರಲ್ಲಿ ಸಿಪಾಯಿ ದಂಗೆ ಇದೆ. ಕಿತ್ತೂರಿನ 1824 ಇವೆರಡರ ನಡುವಿನ ಸಂದಿಯಲ್ಲಿ ಬಿದ್ದು ಕಾಣೆಯಾಗಿದೆ. ಬೈಲಹೊಂಗಲದವನಾದ ನನಗೆ ಇದು ಹಳೇ ಹೊಟ್ಟೆನೋವು. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ನಮ್ಮೂರಲ್ಲೇ, ಸಮಾಧಿ ಇರೋದೂ ಅಲ್ಲೇ.

ನಾವು ಕೆಲವರು ಬೆಂಗಳೂರಿನಲ್ಲಿ ಐಟಿ, ಬ್ಯಾಂಕು, ಆಸ್ಪತ್ರೆ ಅಂತ ಬೇರೆ ಬೇರೆ ಕಡೆ ದುಡಿಯೋರು. ಊರು ಮಾತ್ರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಭಾನುವಾರ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೂತರೆ ಒಂದು ತಾಸು ಆಟ, ಎರಡು ತಾಸು ವಾದ. ಕ್ಯಾಸೆಟ್ ಹಾಕಿ ಆಡೋ ಟೀವಿ ಗೇಮಿನ ಕಾಲ ಕಂಡವರು ನಾವು. ಆಮೇಲೆ ಸೈಬರ್ ಕೆಫೆಯಲ್ಲಿ ತಾಸಿನ ಲೆಕ್ಕದ ವೈಸ್ ಸಿಟಿ, ಹಾಸ್ಟೆಲ್ಲಿನಲ್ಲಿ ಕೇಬಲ್ ಎಳೆದು ಕೌಂಟರ್ ಸ್ಟ್ರೈಕ್, ಜಿಯೋ ಬಂದಮೇಲೆ ಪಬ್‌ಜಿ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ನಿಲ್ಲಿಸಿದಾಗ ಹೊಸಬರು ಗೋಳಾಡಿದರು, ನಾವು ಹಳಬರು ಸುಮ್ಮನೆ ಏಜ್ ಆಫ್ ಎಂಪೈರ್ಸ್‌ಗೆ ವಾಪಸಾದೆವು. ಅಲ್ಲಿಂದಲೇ ಈ ಇತಿಹಾಸದ ಜಗಳ ಹತ್ತಿಕೊಂಡದ್ದು.

ಮೊದಲು ತಕರಾರು ತೆಗೆದವನು ಸವದತ್ತಿಯವನು. ಮೂರನೇ ಭಾಗದಲ್ಲಿ ಬೇರೆ ಹೆಚ್ಚಿನ ದೇಶದವರು ಆಳು ಪಡೆಯೋಕೆ ಧಾನ್ಯ, ಮಾಂಸದ ಲೆಕ್ಕ ಕೊಡಬೇಕು, ಭಾರತದವರು ಮಾತ್ರ ಕಟ್ಟಿಗೆ ಕೊಡಬೇಕು. ಆಕಳು ಕಡಿಯೋ ಹಾಗಿಲ್ಲ, ಅವನ್ನು ಪವಿತ್ರ ಹೊಲದಲ್ಲಿ ಬಿಟ್ಟರೆ ಅನುಭವದ ಅಂಕ ಬರುತ್ತೆ. "ನಮ್ಮ ಕಡೆ ಕಟಗಿ ಕೊಟ್ರ ಯಾವ ಆಳು ಬರ್ತಾನೋ? ಕೂಲಿ ಕೇಳ್ತಾನ, ಮ್ಯಾಲೆ ಚಾ ಕೇಳ್ತಾನ" ಅಂದ. ನಗು ಬಂತು. ಆದರೆ ಅವನ ನಿಜವಾದ ಸಿಟ್ಟು ಇದ್ದದ್ದು ಎರಡನೇ ಭಾಗದ ಮೇಲೆ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ಇಡೀ ದಕ್ಷಿಣಕ್ಕೆ ಒಂದೇ ಹೆಸರು, 'ದ್ರಾವಿಡರು'. ಕಥೆ ರಾಜೇಂದ್ರ ಚೋಳನದು, ಸೈನಿಕರ ಮಾತು ತಮಿಳು. ಚೋಳರನ್ನು ಎದುರು ಹಾಕಿಕೊಂಡು ನೂರಾರು ವರ್ಷ ಬಡಿದಾಡಿದ ಕಲ್ಯಾಣದ ಚಾಲುಕ್ಯರು, ಅವರ ಕೈಕೆಳಗೆ ಸವದತ್ತಿಯಿಂದ ನಾಡು ಆಳಿದ ರಟ್ಟರು ಎಲ್ಲರೂ ಚೋಳರ ಅಂಗಿ ತೊಟ್ಟು ನಿಲ್ಲಬೇಕು. ಸುಗಂಧವರ್ತಿ ಅಂತ ಶಾಸನಗಳಲ್ಲಿ ಹೆಸರಿರೋ ಊರಿನವನಿಗೆ ಇದು ಹೇಗಾಗಬೇಡ? ತಮಾಷೆ ಏನಂದರೆ, ಅದೇ ದ್ರಾವಿಡರಿಗೆ ಆಟದಲ್ಲಿ ಸಿಗೋ ವಿಶೇಷ ವಿದ್ಯೆಯ ಹೆಸರು 'ವೂಟ್ಜ್ ಸ್ಟೀಲ್'. ವೂಟ್ಜ್ ಅನ್ನೋ ಶಬ್ದ ನಮ್ಮ 'ಉಕ್ಕು' ಅನ್ನೋದರಿಂದಲೇ ಬಂತು ಅಂತ ಹೇಳೋರು ಬಹಳ ಮಂದಿ ಇದ್ದಾರೆ. ಸೈನಿಕನ ಬಾಯಲ್ಲಿ ಕನ್ನಡ ಇಲ್ಲ, ಅವನ ಕತ್ತಿಯಲ್ಲಿದೆ.

ನನಗೆ ಆ ಸಿಟ್ಟು ಅರ್ಧ ಮಾತ್ರ ಒಪ್ಪಿಗೆ. ಆಟದ ನಕ್ಷೆಯಲ್ಲಿ ಜಾಗ ಸಿಗೋದು ದೊಡ್ಡವರಿಗೆ. ನಮ್ಮ ನಾಲ್ಕು ಊರುಗಳ ಇತಿಹಾಸ ಇರೋದೇ ದೊಡ್ಡವರ ನಡುವೆ ಬದುಕೋದರಲ್ಲಿ. ರಾಮದುರ್ಗವನ್ನೇ ನೋಡಿ. ಭಾವೆ ಮನೆತನದ ಎರಡು ಕೋಟೆ, ನರಗುಂದ ಮತ್ತು ರಾಮದುರ್ಗ. ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ಮೈಸೂರು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದ ಹಿಡಿಯಿತು, ಕಿತ್ತೂರೂ ಅವನ ಕೈಗೆ ಹೋಯಿತು. ಆಮೇಲೆ ಪೇಶ್ವೆ ಮನೆತನದವರಿಗೆ ಪಾಲು ಹಂಚಿದ, ಒಬ್ಬನಿಗೆ ನರಗುಂದ, ಇನ್ನೊಬ್ಬನಿಗೆ ರಾಮದುರ್ಗ. 1858ರಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ಮೇಲೆ ತಿರುಗಿಬಿದ್ದ. ರಾಮದುರ್ಗಕ್ಕೆ ಹತ್ತಿರದ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು, ಸಂಸ್ಥಾನ ಹೋಯಿತು. ಇಂಗ್ಲಿಷರ ಕಡೆ ನಿಂತ ರಾಮದುರ್ಗ ಮಾತ್ರ ಸ್ವಾತಂತ್ರ್ಯ ಬರೋವರೆಗೂ ಸಂಸ್ಥಾನವಾಗಿ ಉಳಿಯಿತು. ಒಂದೇ ಮನೆತನ, ಎರಡು ಆಯ್ಕೆ. "ನಾವು ಉಳದೀವಿ, ಅದಕ್ಕ ನಮ್ಮ ಮ್ಯಾಲೆ ಯಾರೂ ಸಿನಿಮಾ ಮಾಡಲಿಲ್ಲ" ಅಂತ ರಾಮದುರ್ಗದವನು ಹೇಳಿದ್ದು ನಗೆಚಾಟಿಕೆಗೇ ಆದರೂ ಒಳಗೆ ಸ್ವಲ್ಪ ಚುಚ್ಚು ಇತ್ತು.

ಇನ್ನು ಕಿತ್ತೂರು. ನಮ್ಮಲ್ಲಿ ದೋಸ್ತಿ ಮುರಿಯೋ ಹಂತಕ್ಕೆ ಹೋದ ಜಗಳ ಅದೇ. ಅಂತರ್ಜಾಲದಲ್ಲಿ ಒಂದು ಅಂಕಿ ಸುತ್ತುತ್ತದೆ: 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮೇಲೆ ಕಂಪನಿ 20,797 ಸೈನಿಕರನ್ನೂ 437 ತೋಪುಗಳನ್ನೂ ತಂದಿತ್ತು ಅಂತ. ಭಾಷಣಗಳಲ್ಲಿ, ಶಾಲೆ ಮಕ್ಕಳ ಪ್ರಬಂಧಗಳಲ್ಲಿ, ವಾಟ್ಸಾಪಿನಲ್ಲಿ ಎಲ್ಲ ಕಡೆ ಅದೇ. ನಮ್ಮ ಗುಂಪಿನಲ್ಲಿ ಎಂಪೈರ್, ನೆಪೋಲಿಯನ್ ಎರಡೂ ಟೋಟಲ್ ವಾರ್ ಅರೆದು ಕುಡಿದ ಒಬ್ಬ ಇದ್ದಾನೆ. ಅವನು ಕೇಳಿದ್ದು ಇಷ್ಟೇ: "437 ತೋಪು ಎಲ್ಲಿಂದ ಬಂದ್ವು?"

ಕೂತು ಲೆಕ್ಕ ಹಾಕಿದೆವು. 1815ರ ವಾಟರ್ಲೂದಲ್ಲಿ ನೆಪೋಲಿಯನ್ ಹತ್ತಿರ ಇದ್ದದ್ದು ಹೆಚ್ಚುಕಮ್ಮಿ 250 ತೋಪು, ವೆಲ್ಲಿಂಗ್ಟನ್ ಹತ್ತಿರ ಸುಮಾರು 150. ಇಬ್ಬರದ್ದೂ ಕೂಡಿಸಿದರೂ 437 ಆಗಲ್ಲ. ಕುದುರೆ ಎಳೆಯೋ ತೋಪಿನ ಒಂದು ತುಕಡಿ ಅಂದರೆ ಸಾಮಾನ್ಯವಾಗಿ ಆರು ತೋಪು. ಆರು ತೋಪು ಎಳೆಯೋಕೇ ಎಷ್ಟು ಕುದುರೆ, ಎಷ್ಟು ಗಾಡಿ ಮದ್ದುಗುಂಡು, ಎಷ್ಟು ಹುಲ್ಲು ಅಂತ ಈ ಆಟ ಆಡಿದವರಿಗೆ ಅಂದಾಜು ಇರುತ್ತೆ. 437ಕ್ಕೆ ಧಾರವಾಡದಿಂದ ಕಿತ್ತೂರಿನವರೆಗಿನ ದಾರಿ ತುಂಬಾ ಬರೀ ಕುದುರೆಯೇ ನಿಲ್ಲಬೇಕು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಹೊರಟದ್ದು ಒಂದು ಮಹಾಯುದ್ಧಕ್ಕಲ್ಲ, ಒಂದು ದೇಸಗತಿಯ ಖಜಾನೆಗೆ ಮೊಹರು ಹಾಕೋಕೆ. ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಿದ್ದ. ದತ್ತಕ ಒಪ್ಪಲ್ಲ ಅಂತ ಥ್ಯಾಕರೆ ಹಟ ಹಿಡಿದಿದ್ದ. ಜೊತೆಗೆ ಬಂದದ್ದು ಒಂದು ಸಣ್ಣ ದಂಡು, ಕೆಲವೇ ತೋಪು. ಅಕ್ಟೋಬರ್ 23ಕ್ಕೆ ಬಾಗಿಲು ಒಡೆಯೋಕೆ ತೋಪು ತಂದು ನಿಲ್ಲಿಸಿದಾಗ ಬಾಗಿಲು ಒಳಗಿನಿಂದಲೇ ತೆರೆಯಿತು, ಜನ ಹೊಳೆಯಂಗ ಹೊರಗೆ ನುಗ್ಗಿದರು. ಥ್ಯಾಕರೆ ಸತ್ತ. ಅಮಟೂರು ಬಾಳಪ್ಪನ ಗುಂಡು ಅಂತ ನಮ್ಮ ಕಡೆಯ ಮಾತು.

ಕಿತ್ತೂರಿನ ಗೆಳೆಯನಿಗೆ ಮುಖ ಕೆಂಪಾಯಿತು. "ಅಂದ್ರ ನಮ್ಮವ್ವ ಸಣ್ಣ ದಂಡಿನ ಜೋಡಿ ಬಡದಾಡಿ ಗೆದ್ಲು ಅಂತೀರೇನು?" ಅಂದ. ಅವ್ವ ಅನ್ನೋ ಮಾತು ಗಮನಿಸಿ. ಈ ಭಾಗದಲ್ಲಿ ಚೆನ್ನಮ್ಮ ಪಠ್ಯಪುಸ್ತಕದ ರಾಣಿಯಲ್ಲ, ಮನೆಯವಳು. ಎದುರಾಳಿಯ ಅಂಕಿ ಇಳಿಸಿದರೆ ಅವಳನ್ನೇ ಇಳಿಸಿದ ಹಾಗೆ ಅವನಿಗೆ ಕೇಳಿಸಿತು. ಅವನು ಎರಡು ವಾರ ಆಟಕ್ಕೆ ಬರಲಿಲ್ಲ.

ನನ್ನ ವಾದ ಇದು, ಅವನಿಗೂ ಇದನ್ನೇ ಹೇಳಿದೆ: ಆ ಅಂಕಿ ಅವಳಿಗೆ ಅನ್ಯಾಯ ಮಾಡುತ್ತದೆ. ಅಕ್ಟೋಬರಿನಲ್ಲೇ ಕಂಪನಿಯ ಪೂರ್ತಿ ಬಲ ಸೋತಿತ್ತು ಅಂದುಕೊಂಡರೆ ಡಿಸೆಂಬರಿನಲ್ಲಿ ಅವಳ ಮುಂದೆ ಏನಿತ್ತು ಅನ್ನೋದೇ ಗೊತ್ತಾಗಲ್ಲ. ಮದ್ದಿನಲ್ಲಿ ಸೆಗಣಿ ಬೆರೆಸಿದರು, ಮಲ್ಲಪ್ಪಶೆಟ್ಟಿ, ವೆಂಕಟರಾವ್ ಕೈಕೊಟ್ಟರು, ಇಲ್ಲದಿದ್ದರೆ ಗೆಲುವು ನಮ್ಮದೇ ಅನ್ನೋದು ಊರಲ್ಲಿ ಎಲ್ಲರ ಬಾಯಲ್ಲೂ ಇರೋ ಕಥೆ. ದ್ರೋಹ ನಡೆದಿರಬಹುದು. ಆದರೆ ಮದ್ರಾಸು, ಮುಂಬಯಿ ಎರಡೂ ಕಡೆಯ ಪಡೆ ತರಿಸಬಲ್ಲ ಕಂಪನಿ ಒಂದು ಕಡೆ, ಒಂದೇ ಕೋಟೆಯ ದೇಸಗತಿ ಇನ್ನೊಂದು ಕಡೆ. ಸೋಲು ಲೆಕ್ಕದಲ್ಲೇ ಬರೆದಿತ್ತು. ಅದು ಗೊತ್ತಿದ್ದೂ ಅವಳು ನಿಂತಳು. ಎರಡನೇ ಸುತ್ತಿನಲ್ಲಿ ಕಂಪನಿಯ ಕಡೆ ಸತ್ತವರಲ್ಲಿ ಸಬ್ ಕಲೆಕ್ಟರ್ ಮನ್ರೋ ಇದ್ದ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಬಂಧು. ಕೋಟೆ ಸುಲಭಕ್ಕೆ ಬೀಳಲಿಲ್ಲ.

ಅಕ್ಟೋಬರ್ 23ರಿಂದ ಡಿಸೆಂಬರ್ ಮೊದಲ ವಾರದವರೆಗಿನ ಆ ನಲವತ್ತು ದಿನಗಳಿವೆಯಲ್ಲ, ಯಾವ ಆಟದವರೂ ತೋರಿಸಲಾರದ್ದು ಅದು. ಥ್ಯಾಕರೆ ಸತ್ತ ದಿನ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕಿದ್ದರು, ಎಲಿಯಟ್ ಮತ್ತು ಸ್ಟೀವನ್ಸನ್. ಆಟದಲ್ಲಾಗಿದ್ದರೆ ಮುಗಿಸಿ ಅಂಕ ತಗೋತಿದ್ದೆವು. ಚೆನ್ನಮ್ಮ ಅವರನ್ನು ಉಳಿಸಿಕೊಂಡಳು, ಪತ್ರ ಬರೆಸಿದಳು, ಮಾತುಕತೆಗೆ ನೋಡಿದಳು, ಕೊನೆಗೆ ಜೀವಂತ ಬಿಟ್ಟಳು. ಬಿಟ್ಟ ಮೇಲೂ ಕಂಪನಿ ಮೇಲೇರಿ ಬಂತು.

ಆ ವಾಲ್ಟರ್ ಎಲಿಯಟ್ ಆಗ ಇನ್ನೂ ಇಪ್ಪತ್ತೆರಡರ ಆಚೀಚೆಯ ಹುಡುಗ. ಬಿಡುಗಡೆಯಾದವನು ಓಡಿಹೋಗಲಿಲ್ಲ, ಈ ಭಾಗದಲ್ಲೇ ಎಷ್ಟೋ ವರ್ಷ ನೌಕರಿ ಮಾಡಿದ. ಊರೂರು ತಿರುಗಿ ಕನ್ನಡ ಶಾಸನಗಳ ನಕಲು ಮಾಡಿಸಿದ, ನೂರಾರು. ಅವುಗಳ ಆಧಾರದ ಮೇಲೆ 1830ರ ದಶಕದಲ್ಲಿ ಅವನು ಬರೆದ ಲೇಖನ ಚಾಲುಕ್ಯರ ವಂಶಾವಳಿಯನ್ನು ಹೊರಜಗತ್ತಿಗೆ ತೋರಿಸಿದ ಮೊದಲ ಕೆಲಸಗಳಲ್ಲಿ ಒಂದು. ಆ ದಾರಿಯಲ್ಲೇ ಆಮೇಲೆ ಫ್ಲೀಟ್ ಬಂದ, ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ. 'ನಮ್ಮ ರಟ್ಟರೆಲ್ಲಿ' ಅಂತ ನನ್ನ ಗೆಳೆಯ ಇವತ್ತು ಒಂದು ಆಟದ ಕಂಪನಿಯ ಮೇಲೆ ಹಾರಾಡಲಿಕ್ಕೆ ಬೇಕಾದ ಇತಿಹಾಸ ಸಿಕ್ಕಿದ್ದರಲ್ಲಿ ಕಿತ್ತೂರಿನ ಒಬ್ಬ ಕೈದಿಯ ಪಾಲಿದೆ. ಇದನ್ನು ಹೇಳಿದಾಗ ನಮ್ಮ ಕಾಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಕಿತ್ತೂರಿನವನೇ, "ಅವ್ವ ಬಿಟ್ಟಿದ್ಕ ಆತು ನೋಡು" ಅಂದ.

ಹಾಗಾದರೆ ಕಿತ್ತೂರಿನ ಆಟ ಅಂತ ಒಂದು ಮಾಡಿದರೆ ಹೇಗಿರಬೇಕು? ದೇಶಭಕ್ತಿಯ ಹೆಸರಿನಲ್ಲಿ ಆಟ ಮಾಡಿದರೆ ಏನಾಗುತ್ತೆ ಅಂತ ಫೌ-ಜಿ ತೋರಿಸಿದೆ. ಬೆಂಗಳೂರಿನ ಎನ್‌ಕೋರ್ ಕಂಪನಿ ಅದನ್ನು ಬಿಟ್ಟದ್ದು 2021ರ ಜನವರಿ 26ಕ್ಕೆ. ಗಲ್ವಾನ್ ಕಣಿವೆ, ಗುದ್ದಾಟ, ಅಷ್ಟೇ. ಎರಡು ದಿನ ಆಡಿ ತೆಗೆದುಹಾಕಿದೆ. ಅದೇ ಜನವರಿ 26ಕ್ಕೆ, 1831ರಲ್ಲಿ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೆ ಹಾಕಿದ್ದರು. ಹೊಂಗಲದ ಕಡೆಯವರಿಗೆ ಆ ತಾರೀಖು ಎರಡು ಕಾರಣಕ್ಕೆ ನೆನಪಿರುತ್ತದೆ.

ರಾಯಣ್ಣನ ಕಥೆ ಸೈನ್ಯ ಕಟ್ಟಿ ಕೋಟೆ ಒಡೆಯೋ ಆಟಕ್ಕೆ ಹೊಂದಲ್ಲ. ಅದಕ್ಕೆ ಹೊಂದೋ ಆಟ ನಮ್ಮ ಕಟ್ಟೆಗಳ ಮೇಲೇ ಇದೆ, ಹುಲಿ-ಕುರಿ. ಹುಲಿ ಮೂರು, ಕುರಿ ಹದಿನೈದು, ಊರಿಂದ ಊರಿಗೆ ಲೆಕ್ಕ ಸ್ವಲ್ಪ ಬೇರೆ. ಎರಡು ಕಡೆಯೂ ಸಮ ಇಲ್ಲ, ನಿಯಮವೂ ಒಂದೇ ಅಲ್ಲ. ಹುಲಿ ಹಾರಿ ಕುರಿ ತಿನ್ನಬೇಕು, ಕುರಿ ಸುತ್ತಗಟ್ಟಿ ಹುಲಿಯನ್ನು ಮಿಸುಕದ ಹಾಗೆ ಮಾಡಬೇಕು. ಈಗ ಇಂಥ ಅಸಮ ಆಟಕ್ಕೆ ವಿದೇಶದಲ್ಲಿ ಸಾವಿರಾರು ರೂಪಾಯಿ ಬೆಲೆಯ ಡಬ್ಬಿ ಮಾರುತ್ತಾರೆ. ನಮ್ಮಲ್ಲಿ ಇದ್ದಲಿನಿಂದ ಗೆರೆ ಎಳೆದು ಹರಳು ಇಟ್ಟರೆ ಮುಗೀತು. 1829-30ರಲ್ಲಿ ಕಾಡಿನಲ್ಲಿದ್ದ ಹುಲಿ ರಾಯಣ್ಣ, ಸುತ್ತಗಟ್ಟೋಕೆ ಹೊರಟದ್ದು ಕಂಪನಿ. ಕೊನೆಗೆ ಹಿಡಿದದ್ದೂ ಎದುರಿನಿಂದ ಅಲ್ಲ, ಹಳ್ಳದಲ್ಲಿ ಜಳಕ ಮಾಡೋವಾಗ, ಊರವರೇ ಹಿಡಿದುಕೊಟ್ಟರು ಅಂತ ಹೇಳ್ತಾರೆ.

ಅವನು ಸುಟ್ಟದ್ದು ಏನು ಅನ್ನೋದು ಮುಖ್ಯ. ನಮ್ಮ ತಾಲೂಕಿನ ಸಂಪಗಾವಿಯಲ್ಲಿ ಆಗ ಸರ್ಕಾರಿ ಕಚೇರಿ ಇತ್ತು. ರಾಯಣ್ಣನ ಜನ ಅದರ ಮೇಲೆ ಬಿದ್ದು ದಫ್ತರ ಸುಟ್ಟರು. ಇನಾಮು ಭೂಮಿ ಯಾರದ್ದು ಹೋಯಿತು, ಯಾರ ಮೇಲೆ ಎಷ್ಟು ಕರ ಏರಿತು ಅಂತ ಬರೆದಿಟ್ಟ ಕಾಗದ. ರಾಯಣ್ಣನ ಹೊಲವೂ ಹಾಗೇ ಹೋಗಿತ್ತು. ಸಿಪಾಯಿ ಸತ್ತರೆ ಇನ್ನೊಬ್ಬ ಬರ್ತಾನೆ. ಕಾಗದ ಸುಟ್ಟರೆ ವಸೂಲಿ ನಿಲ್ಲುತ್ತೆ. ಇವತ್ತು ಪಹಣಿಯಲ್ಲಿ ಹೆಸರು ತಿದ್ದಿಸೋಕೆ ಓಡಾಡಿದ ಯಾರಿಗಾದರೂ ಈ ತಂತ್ರ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸವದತ್ತಿಯವನು ಏಜ್ ಆಫ್ ಎಂಪೈರ್ಸ್ ಎರಡರ ಎಡಿಟರಿನಲ್ಲಿ ಒಂದು ನಕ್ಷೆ ಕಟ್ಟುತ್ತಿದ್ದಾನೆ. ಕಿತ್ತೂರು, ಸಂಪಗಾವಿ, ನಂದಗಡದ ಕಾಡು. ಕಾಲ ತಪ್ಪು, ಬಂದೂಕು ತಪ್ಪು, ಸೈನಿಕರು ಇನ್ನೂ ತಮಿಳೇ ಮಾತಾಡ್ತಾರೆ. ರಾಮದುರ್ಗದವನು ಮಲಪ್ರಭೆ ಬೇಕೇ ಬೇಕು ಅಂತ ಹಟ ಹಿಡಿದು ಮೂಲೆಯಲ್ಲಿ ಹೊಳೆ ಹಾಕಿಸಿಕೊಂಡಿದ್ದಾನೆ. ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ: ಆಟದಲ್ಲಿ ಕಾಗದ ಅನ್ನೋ ವಸ್ತು ಇಲ್ಲ. ಪವಿತ್ರ ಅವಶೇಷ ಅಂತ ಒಂದಿದೆ, ಆದರೆ ಅದನ್ನು ಹೊತ್ತೊಯ್ಯಬಹುದೇ ಹೊರತು ಸುಡೋಕೆ ಬರಲ್ಲ. ಸದ್ಯಕ್ಕೆ ಒಂದು ಮನೆ ನಿಲ್ಲಿಸಿ 'ಸಂಪಗಾವಿ ಕಚೇರಿ' ಅಂತ ಹೆಸರಿಟ್ಟಿದ್ದಾನೆ. ಬಾಗಿಲಲ್ಲಿ ಒಬ್ಬ ಪಹರೆಯವನು, ಒಳಗೆ ದಫ್ತರ ಇದೆ ಅಂತ ನಾವೇ ತಿಳಕೋಬೇಕು.