ಭೂಮಿಯ ಹಾಡು, ಹೇಮಾವತಿಯ ಲೆಕ್ಕ

ದಂತವೈದ್ಯ ಪದವಿ ಪಡೆದೂ ಕ್ಲಿನಿಕ್ ತೆರೆಯದೆ ಸಂಗೀತದ ಹಿಂದೆ ಹೋದವರು ಬೆಂಗಳೂರಿನ ರಿಕ್ಕಿ ಕೇಜ್. ‘ಏಂಜೆಲ್ ಡಸ್ಟ್’ ಎಂಬ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅವರು ಜಾಹೀರಾತುಗಳ ಸಂಗೀತ ಮಾಡಿ, ಕೊನೆಗೆ ಪರಿಸರವನ್ನೇ ತಮ್ಮ ವಸ್ತುವಾಗಿಸಿಕೊಂಡರು. ಅವರ ‘ಶಾಂತಿ ಸಂಸಾರ’ ಆಲ್ಬಮ್ 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಬಿಡುಗಡೆಯಾಯಿತು. ‘ದಿ ಪೊಲೀಸ್’ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆಗೂಡಿ ಮಾಡಿದ ‘ಡಿವೈನ್ ಟೈಡ್ಸ್’ 2022ರಲ್ಲಿ ಗ್ರ್ಯಾಮಿ ಗಳಿಸಿತು. ಇವು ಬಿಡಿ ಹಾಡುಗಳ ಕಟ್ಟಲ್ಲ, ಒಂದೇ ಆಶಯದ ಸುತ್ತ ಹೆಣೆದ ಆಲ್ಬಮ್‌ಗಳು.

ರಾಕ್ ಸಂಗೀತದಲ್ಲಿ ಇದಕ್ಕೊಂದು ಪರಂಪರೆಯಿದೆ. ಕೆನಡಾದ ನೀಲ್ ಯಂಗ್ 2003ರಲ್ಲಿ ‘ಗ್ರೀನ್‌ಡೇಲ್’ ಎಂಬ ಕಲ್ಪಿತ ಊರನ್ನು ಕಟ್ಟಿ, ಅಲ್ಲಿನ ಒಂದು ಕುಟುಂಬದ ಕತೆಯನ್ನು ಇಡೀ ಆಲ್ಬಮ್ಮಿನಲ್ಲಿ ಹಾಡಿದರು. ಆ ಮನೆಯ ಹುಡುಗಿ ಪರಿಸರದ ಹೋರಾಟಕ್ಕಿಳಿಯುತ್ತಾಳೆ. ಯಂಗ್ ಅವರದು ಒಂದು ಊರಿನ ಕತೆ. ಕೇಜ್ ಅವರದು ಇಡೀ ಭೂಮಿಯ ಪ್ರಾರ್ಥನೆ. ಪ್ರಾರ್ಥನೆಯಲ್ಲಿ ಯಾರು ಕಳೆದುಕೊಂಡರು, ಯಾರು ಪಡೆದರು ಎಂಬ ಪ್ರಶ್ನೆ ಏಳುವುದಿಲ್ಲ. ಇತಿಹಾಸ ಶುರುವಾಗುವುದೇ ಆ ಪ್ರಶ್ನೆಯಿಂದ.

ಹಾಸನ ಜಿಲ್ಲೆಯ ಇತಿಹಾಸವನ್ನು ಸಂಶೋಧಿಸುವ ನನಗೆ ಈ ಹಾಡುಗಳ ನಡುವೆ ನೆನಪಾಗುವುದು ಹೇಮಾವತಿ. ಗೊರೂರಿನ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಜನ ಊರು ಬಿಟ್ಟರು. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ದಡದ ಮೇಲೆ ಇರುತ್ತದೆ. ಪ್ರವಾಸಿಗರು ಫೋಟೊ ತೆಗೆಯುವುದು ಅದರದ್ದೇ.

ಆದರೆ ಅದೇ ನೀರು ಎಡದಂಡೆ ನಾಲೆಯಲ್ಲಿ ಹರಿದು ಚನ್ನರಾಯಪಟ್ಟಣದ ಒಣಭೂಮಿಯನ್ನು ಮುಟ್ಟಿತು. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರದ ಹೊಲಗಳಿಗೆ ನೀರುಣಿಸಿದವು. ಒಬ್ಬರ ಊರು ಮುಳುಗಿ ಇನ್ನೊಬ್ಬರ ಗದ್ದೆ ಹಸಿರಾಯಿತು. ಅರಕಲಗೂಡಿನ ಹೊಗೆಸೊಪ್ಪಿನ ಕತೆಯೂ ಇಂಥದ್ದೇ. ಬ್ಯಾರನ್ನಿನಲ್ಲಿ ಎಲೆ ಹದವಾಗಲು ರಾಶಿ ರಾಶಿ ಸೌದೆ ಉರಿಯಬೇಕು. ರಾಮನಾಥಪುರದ ಹರಾಜಿನಲ್ಲಿ ಬಂದ ಹಣದಿಂದಲೇ ಸಾಲ ತೀರಬೇಕು, ಮಕ್ಕಳ ಫೀಸು ಕಟ್ಟಬೇಕು. ಇಲ್ಲಿ ಮರ ಕಡಿದವರನ್ನು ಖಳರೆಂದು ಹಾಡುವುದು ಸುಲಭ. ಅದು ಅರ್ಧ ಸತ್ಯ.

ಪ್ಯಾರಿಸ್‌ನಲ್ಲಿ ಕೇಳಿಸಿದ ಶಾಂತಿಯ ಸ್ವರವನ್ನು ನಾನು ಅಲ್ಲಗಳೆಯುವುದಿಲ್ಲ. ಜಗತ್ತಿನ ಗಮನ ಸೆಳೆಯಲು ಅದೂ ಬೇಕು. ಆದರೆ ಹಾಸನದ ಸೀಮೆಯಲ್ಲಿ ಯಾರಾದರೂ ಗಿಟಾರ್ ಹಿಡಿದು ಪರಿಸರದ ಆಲ್ಬಮ್ ಮಾಡುವುದಾದರೆ, ಅದರ ಮೊದಲ ಹಾಡು ಶೆಟ್ಟಿಹಳ್ಳಿಯದಾಗಿ, ಎರಡನೆಯದು ಚನ್ನರಾಯಪಟ್ಟಣದ ನಾಲೆಯದಾಗಿರಲಿ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡ ಮೇಲಷ್ಟೇ ನಾವು ನದಿಯ ಬಗ್ಗೆ ಮಾತಾಡಬಹುದು.