ಜೀರ್ಕೊಳವಿಗೆ ಬಲ ಬಂದ ಬಗೆ



ಒಂದು ಬದಿಯ ಗೆಣ್ಣು ಉಳಿಸಿಕೊಂಡು ಕತ್ತರಿಸಿದ ಬಿದಿರಿನ ತುಂಡು, ಆ ಗೆಣ್ಣಿಗೆ ಕಾದ ಮೊಳೆಯಿಂದ ಕೊರೆದ ಸಣ್ಣ ತೂತು, ಒಳಗೆ ಬಟ್ಟೆ ಸುತ್ತಿದ ಕಡ್ಡಿ. ಇಷ್ಟಿದ್ದರೆ ಜೀರ್ಕೊಳವಿ ಸಿದ್ಧ. ಇಂದು ನಾವು ಪಿಚಕಾರಿ ಎನ್ನುವ ವಸ್ತುವಿಗೆ ಕನ್ನಡದಲ್ಲಿದ್ದ ಹಳೆಯ ಹೆಸರು ಅದು. ಹಂಪಿಯ ಶಿಲ್ಪಗಳಲ್ಲಿ ಓಕುಳಿಯಾಡುವವರ ಕೈಯಲ್ಲಿಯೂ ಇದನ್ನು ಕಾಣಬಹುದು.

ಇದರ ಕೊರತೆ ನಿಮಗೂ ಗೊತ್ತು. ಕಡ್ಡಿ ತಳ್ಳುವಷ್ಟು ಹೊತ್ತು ಮಾತ್ರ ನೀರು ಚಿಮ್ಮುತ್ತದೆ. ಕೈಯಲ್ಲಿ ಎಷ್ಟು ಬಲವೋ ಅಷ್ಟೇ ದೂರ. ನಾನು ಹೈಸ್ಕೂಲಿನಲ್ಲಿದ್ದಾಗ ಈ ಕೊರತೆ ನೀಗಿಸಲು ಹೊರಟು, ಹಳೆಯ ಸೈಕಲ್ ಟ್ಯೂಬಿನ ವಾಲ್ವನ್ನು ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳಕ್ಕೆ ಕೂರಿಸಿ ಪಂಪು ಹೊಡೆದೆ. ನೀರು ದೂರ ಹೋಗಲಿಲ್ಲ, ಮುಚ್ಚಳ ಹೋಯಿತು. ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಅಮ್ಮ ಬೈದದ್ದು ಇನ್ನೂ ನೆನಪಿದೆ. ಆದರೆ ನಾನು ಹಿಡಿದ ದಾರಿ ಪೂರ್ತಿ ತಪ್ಪಾಗಿರಲಿಲ್ಲ ಎಂಬುದು ಬಿ.ಎಸ್ಸಿ. ಓದುವಾಗ ತಿಳಿಯಿತು. ಅದೇ ದಾರಿಯಲ್ಲಿ ನಡೆದವರ ಕಥೆಯೇ ಈ ಲೇಖನ.

ಬೆಂಕಿ ಆರಿಸುವ ಯಂತ್ರದ ಗುಟ್ಟು

ನೀರನ್ನು ತಳ್ಳುವ ಪಂಪು ಬಹಳ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಇಂಥ ಪಂಪನ್ನು ರೂಪಿಸಿದ. ಅದೇ ನಗರದ ಹೀರೋ ಮುಂದೆ ತನ್ನ ಗ್ರಂಥದಲ್ಲಿ ಬೆಂಕಿ ಆರಿಸಲು ಬಳಸುವ ಪಂಪನ್ನು ವರ್ಣಿಸಿದ. ಇಂಥ ಪಂಪುಗಳಲ್ಲಿ ಒಂದು ತೊಡಕಿತ್ತು. ಹಿಡಿಯನ್ನು ಒತ್ತಿದಾಗ ನೀರು ರಭಸದಿಂದ ಬರುತ್ತಿತ್ತು; ಒತ್ತಡ ತಗ್ಗಿದೊಡನೆ ಧಾರೆಯೂ ಸೊರಗುತ್ತಿತ್ತು.

ಇದಕ್ಕೆ ಪರಿಹಾರ ಗಾಳಿಯ ಕೋಣೆ. ಲಂಡನ್ನಿನ ಗುಂಡಿ ತಯಾರಕ ರಿಚರ್ಡ್ ನ್ಯೂಷಮ್ 1721ರಲ್ಲಿ ಪೇಟೆಂಟ್ ಪಡೆದ ಬೆಂಕಿ ಯಂತ್ರದ ಹೆಸರು ಉಳಿದದ್ದು ಇದರಿಂದಲೇ. ಪಂಪಿನಿಂದ ಬಂದ ನೀರು ಮೊದಲು ಮುಚ್ಚಿದ ಪಾತ್ರೆಯೊಂದನ್ನು ಸೇರುತ್ತದೆ. ಅಲ್ಲಿ ಸಿಕ್ಕಿಬಿದ್ದ ಗಾಳಿ ಇಕ್ಕಟ್ಟಾಗುತ್ತದೆ. ಪಂಪಿನ ಎರಡು ಒತ್ತುಗಳ ನಡುವೆ ಆ ಗಾಳಿಯೇ ಹಿಗ್ಗಿ ನೀರನ್ನು ಹೊರದೂಡುತ್ತದೆ. ಹೀಗೆ ಧಾರೆ ಕಡಿಯದೆ ಹರಿಯುತ್ತದೆ.

ಮಲೆನಾಡಿನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಟಾರ್ ಪಂಪನ್ನು ನೆನಪಿಸಿಕೊಳ್ಳಿ. ಕೆಳಗೆ ಒಬ್ಬರು ಹಿಡಿಯನ್ನು ಹಿಂದೆ ಮುಂದೆ ಆಡಿಸುತ್ತಿರುತ್ತಾರೆ. ಮರದ ಮೇಲಿರುವವರ ಕೈಯಲ್ಲಿ ಮದ್ದು ಒಂದೇ ಸಮನೆ ಚಿಮ್ಮುತ್ತಿರುತ್ತದೆ. ಅದರಲ್ಲಿರುವುದೂ ಗಾಳಿಯ ಕೋಣೆಯೇ.

ಇಷ್ಟು ಹಳೆಯ ಈ ಗುಟ್ಟು ಮಕ್ಕಳ ಆಟಿಕೆಯೊಳಗೆ ಹೊಕ್ಕು ಜಗತ್ತಿನ ಅಂಗಡಿಗಳನ್ನೆಲ್ಲ ಸೇರಲು 20ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಅದನ್ನು ಸೇರಿಸಿದವರು ಲಾನಿ ಜಾನ್ಸನ್.

ಅಲಬಾಮದ ಹುಡುಗ

ಜಾನ್ಸನ್ ಹುಟ್ಟಿದ್ದು 1949ರಲ್ಲಿ, ಅಮೆರಿಕದ ಅಲಬಾಮ ರಾಜ್ಯದ ಮೊಬೀಲ್ ನಗರದಲ್ಲಿ. ಕಪ್ಪು ಜನರಿಗೆ ಶಾಲೆಯೂ ಬೇರೆ, ಬಸ್ಸಿನಲ್ಲಿ ಸೀಟೂ ಬೇರೆ ಎಂದಿದ್ದ ಕಾಲ ಅದು. ತಂದೆ ಕೈಕೆಲಸ ಬಲ್ಲವರು. ಆಟಿಕೆ ಬೇಕೆಂದರೆ ಮಾಡಿಕೊಳ್ಳಿ ಎಂದು ಮಕ್ಕಳಿಗೆ ಕಲಿಸಿದವರು. ತಂದೆ ಮಗ ಸೇರಿ ಬಿದಿರಿನ ಕೊಳವೆಯಲ್ಲಿ, ಬೇವಿನ ಜಾತಿಯ ಒಂದು ಮರದ ಕಾಯಿಯನ್ನು ಗಾಳಿಯ ಒತ್ತಡದಿಂದ ಹಾರಿಸುವ ಕೋವಿಯೊಂದನ್ನು ಮಾಡಿದ್ದರು. ನಮ್ಮ ಹಳ್ಳಿಗಳ ಮಕ್ಕಳು ಬಿದಿರಿನ ಕೊಳವೆಗೆ ಕಾಯಿ ತುಂಬಿ ಹೊಡೆಯುವುದನ್ನು ಕಂಡವರಿಗೆ ಇದು ಪರಿಚಿತವೇ ಎನಿಸೀತು.

ತಂಗಿಯ ಗೊಂಬೆ ಕಣ್ಣು ಮುಚ್ಚುವುದು ಹೇಗೆಂದು ನೋಡಲು ಅದನ್ನು ಬಿಚ್ಚಿದ್ದು, ಅಡುಗೆಮನೆಯಲ್ಲಿ ರಾಕೆಟ್ಟಿನ ಇಂಧನ ಕಾಯಿಸಲು ಹೋಗಿ ಮನೆಗೇ ಬೆಂಕಿ ತಗಲುವಂತೆ ಮಾಡಿದ್ದು ಎಲ್ಲವೂ ಈ ಹುಡುಗನ ಖಾತೆಯಲ್ಲಿವೆ. ಹೈಸ್ಕೂಲಿನಲ್ಲಿ ನಡೆದ ಒಂದು ಪರೀಕ್ಷೆ ಮಾತ್ರ, ಈತನಿಗೆ ಎಂಜಿನಿಯರ್ ಆಗುವ ಯೋಗ್ಯತೆ ಸಾಲದು ಎಂದು ತೀರ್ಪಿತ್ತಿತು.

ಹುಡುಗ ಅದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟ. ಗುಜರಿ ಸಾಮಾನು ಕೂಡಿಸಿ, ಇಕ್ಕಟ್ಟಾದ ಗಾಳಿಯಿಂದ ಚಲಿಸುವ ರೋಬಾಟ್ ಒಂದನ್ನು ಮಾಡಿ ಲಿನೆಕ್ಸ್ ಎಂದು ಹೆಸರಿಟ್ಟ. 1968ರಲ್ಲಿ ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ನಡೆದ ವಿಜ್ಞಾನ ಮೇಳಕ್ಕೆ ಅದನ್ನು ಒಯ್ದ. ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಬಾರದಂತೆ ರಾಜ್ಯದ ಗವರ್ನರ್ ಸ್ವತಃ ಬಾಗಿಲಲ್ಲಿ ನಿಂತದ್ದು ಇದೇ ವಿಶ್ವವಿದ್ಯಾನಿಲಯದಲ್ಲಿ, ಅದಕ್ಕೂ ಐದೇ ವರ್ಷ ಮೊದಲು, 1963ರಲ್ಲಿ. ಮೇಳದಲ್ಲಿದ್ದ ಏಕೈಕ ಕಪ್ಪು ವಿದ್ಯಾರ್ಥಿ ಜಾನ್ಸನ್. ಮೊದಲ ಬಹುಮಾನ ಬಂದದ್ದು ಅವನಿಗೆ.

ಮುಂದೆ ಟಸ್ಕೀಗಿ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ವಾಯುಪಡೆಯಲ್ಲಿಯೂ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿಯೂ ದುಡಿದರು. ಗುರುಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯಲ್ಲಿ ಇವರ ಕೆಲಸವೂ ಇದೆ.

ಸ್ನಾನದ ಮನೆಯಲ್ಲಿ ಚಿಮ್ಮಿದ ನೀರು

1982ರ ಮಾತು. ಓಜೋನ್ ಪದರಕ್ಕೆ ಕೆಡುಕು ಮಾಡುವ ಫ್ರಿಯಾನ್ ಅನಿಲದ ಬದಲು ನೀರನ್ನೇ ಬಳಸಿ ನಡೆಯುವ ಶಾಖ ಪಂಪೊಂದನ್ನು ಜಾನ್ಸನ್ ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ರೂಪಿಸುತ್ತಿದ್ದರು. ಅದಕ್ಕಾಗಿ ತಾವೇ ಕಡೆದ ನಳಿಕೆಯೊಂದನ್ನು ಸ್ನಾನದ ಮನೆಯ ಕೊಳಾಯಿಗೆ ಸಿಕ್ಕಿಸಿ ನೀರು ಬಿಟ್ಟರು. ಧಾರೆ ಕೋಣೆಯ ಆ ಬದಿಗೆ ರಭಸದಿಂದ ಚಿಮ್ಮಿತು. ಒಳ್ಳೆಯ ನೀರಿನ ಬಂದೂಕಾದೀತು ಎಂದು ಹೊಳೆದದ್ದು ಆಗ.

ಮೊದಲ ಮಾದರಿಗೆ ಬಳಸಿದ್ದು ಪಿ.ವಿ.ಸಿ. ಪೈಪು, ಅಕ್ರಿಲಿಕ್ ಹಾಳೆ, ರಬ್ಬರ್ ಬಳೆಗಳು. ಭಾಗಗಳನ್ನು ಮನೆಯ ಪುಟ್ಟ ಲೇತ್ ಯಂತ್ರದಲ್ಲಿ ಕಡೆದರು. ಪರೀಕ್ಷಿಸಿದವಳು ಅವರ ಪುಟ್ಟ ಮಗಳು. 1983ರಲ್ಲಿ ಅರ್ಜಿ ಹಾಕಿ 1986ರಲ್ಲಿ ಪೇಟೆಂಟ್ ಪಡೆದರು. ತಾವೇ ತಯಾರಿಸೋಣವೆಂದು ವಿಚಾರಿಸಿದರೆ, ಮೊದಲ ಸಾವಿರ ಬಂದೂಕುಗಳಿಗೇ ಎರಡು ಲಕ್ಷ ಡಾಲರ್ ಎಂದರು! ಕೊನೆಗೆ 1989ರಲ್ಲಿ ಲಾರಾಮಿ ಎಂಬ ಆಟಿಕೆ ಕಂಪನಿಯವರ ಮುಂದೆ, ತಂಪುಪಾನೀಯದ ಎರಡು ಲೀಟರ್ ಬಾಟಲಿಯನ್ನೇ ತೊಟ್ಟಿಯಾಗಿ ಕೂರಿಸಿದ ಮಾದರಿಯನ್ನು ಹಿಡಿದು ಹೊಡೆದು ತೋರಿಸಿದರು. ಆಟಿಕೆ 1990ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಸೂಪರ್ ಸೋಕರ್ ಎಂಬ ಹೊಸ ಹೆಸರು ಮತ್ತು ದೂರದರ್ಶನದ ಜಾಹೀರಾತುಗಳು ಕೂಡಿದವು. 1991ರ ಒಂದೇ ವರ್ಷದ ಮಾರಾಟ ಸುಮಾರು 20 ಕೋಟಿ ಡಾಲರ್.

ಲೆಕ್ಕ ಏನು ಹೇಳುತ್ತದೆ?

ಇದರಲ್ಲಿ ಹೊಸತೇನು? ಹಳೆಯ ಪಿಚಕಾರಿಯಲ್ಲಿ ತಳ್ಳುವುದೂ ಚಿಮ್ಮುವುದೂ ಒಂದೇ ಕ್ರಿಯೆ. ಇಲ್ಲಿ ಅವೆರಡೂ ಬೇರೆಯಾದವು. ಮಗು ಹತ್ತು ಸೆಕೆಂಡು ಪಂಪು ಒತ್ತಿ ಮಾಡಿದ ಕೆಲಸ ಗಾಳಿಯಲ್ಲಿ ಶಕ್ತಿಯಾಗಿ ಕೂಡಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಅದು ಒಂದೆರಡು ಸೆಕೆಂಡಿನಲ್ಲಿ ಹೊರಬೀಳುತ್ತದೆ. ಶಕ್ತಿ ಅಷ್ಟೇ, ಕಾಲ ಕಡಿಮೆಯಾದ್ದರಿಂದ ಸಾಮರ್ಥ್ಯ ಹೆಚ್ಚು. ಹನಿಗೂಡಿದರೆ ಹಳ್ಳ ಎನ್ನುವುದು ಇದಕ್ಕೂ ಸಲ್ಲುವ ಮಾತು.

ಹೊರಗಿನ ಗಾಳಿಗಿಂತ ಒಂದು ವಾಯುಮಂಡಲದಷ್ಟು ಹೆಚ್ಚು ಒತ್ತಡವಿದ್ದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ ನೀರು ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಒತ್ತಡ ನಾಲ್ಕು ಪಟ್ಟು ಬೇಕು. ನಳಿಕೆಯ ಬಾಯಿಯ ವ್ಯಾಸ ಇಮ್ಮಡಿಯಾದರೆ ಅದೇ ವೇಗದಲ್ಲಿ ನಾಲ್ಕು ಪಟ್ಟು ನೀರು ಹೊರಡುತ್ತದೆ. ತೊಟ್ಟಿಯೂ ಅಷ್ಟೇ ಬೇಗ ಬರಿದಾಗುತ್ತದೆ.

ಗಾಳಿಗೆ ಇನ್ನೊಂದು ದೋಷವಿದೆ. ನೀರು ಹೊರಹೋದಂತೆ ಗಾಳಿ ಹಿಗ್ಗಿ ಒತ್ತಡ ಇಳಿಯುತ್ತದೆ. ಬಾಯಲ್‌ನ ನಿಯಮ ನೆನಪಿದೆ ತಾನೆ? ಅರ್ಧ ಲೀಟರ್ ಗಾಳಿ ಹೊರಗಿನದಕ್ಕಿಂತ ಮೂರು ವಾಯುಮಂಡಲ ಹೆಚ್ಚು ಒತ್ತಡದಲ್ಲಿದೆ ಎನ್ನಿ. ಅರ್ಧ ಲೀಟರ್ ನೀರು ಹೋಗುವಷ್ಟರಲ್ಲಿ ಆ ಹೆಚ್ಚುವರಿ ಒತ್ತಡ ಒಂದಕ್ಕೆ ಇಳಿದಿರುತ್ತದೆ. ವೇಗ 24 ಮೀಟರಿನಿಂದ 14ಕ್ಕೆ ಬೀಳುತ್ತದೆ. 1996ರಲ್ಲಿ ಬಂದ ಸಿ.ಪಿ.ಎಸ್. 2000 ಎಂಬ ಮಾದರಿ ಇದಕ್ಕೆ ಮದ್ದು ಕಂಡುಕೊಂಡಿತು. ಗಾಳಿಯ ಬದಲು ದಪ್ಪ ರಬ್ಬರಿನ ಚೀಲಕ್ಕೆ ನೀರು ತುಂಬಿದರೆ, ಹಿಗ್ಗಿದ ರಬ್ಬರ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಒತ್ತಡದಿಂದ ಹಿಂಡುತ್ತದೆ.

ಬಿಚ್ಚಿ ಕಟ್ಟಿದವರು

ಮುಂದಿನ ಹೆಜ್ಜೆ ಇಟ್ಟವರು ಆಟವಾಡುವ ಹುಡುಗರೇ. ಅಮೆರಿಕದಲ್ಲಿ ಅನೇಕರು ಕೊಂಡ ಬಂದೂಕುಗಳನ್ನು ಬಿಚ್ಚಿ, ರಬ್ಬರ್ ಚೀಲದ ಮೇಲೆ ಇನ್ನೊಂದು ಪದರ ರಬ್ಬರ್ ಹೊದಿಸಿದರು. ನಳಿಕೆಯನ್ನು ತೆಗೆದು, ಪೈಪಿನ ಮುಚ್ಚಳಕ್ಕೆ ಬೇರೆ ಬೇರೆ ಅಳತೆಯ ತೂತು ಕೊರೆದು ಸಿಕ್ಕಿಸಿದರು. ಕೆಲವರು ಕೊಳಾಯಿ ಅಂಗಡಿಯ ಪೈಪು, ಹಿತ್ತಾಳೆಯ ವಾಲ್ವು, ರಬ್ಬರ್ ಕೊಳವೆಗಳಿಂದ ಪೂರ್ತಿ ಬಂದೂಕನ್ನೇ ಕಟ್ಟಿದರು.

ಹೀಗೆ ಮಾಡುವಾಗ ಅವರು ಕಲಿತ ಪಾಠವೊಂದಿದೆ. ಒತ್ತಡ ಹೆಚ್ಚಿಸಿದಷ್ಟೂ ದೂರ ಹೆಚ್ಚುವುದಿಲ್ಲ. ಒಂದು ಹಂತ ದಾಟಿದರೆ ಧಾರೆ ಬೇಗನೆ ಒಡೆದು ಹನಿಯಾಗುತ್ತದೆ, ಹನಿಗಳನ್ನು ಗಾಳಿ ತಡೆಯುತ್ತದೆ. ಧಾರೆ ಹನಿಯಾಗಿ ಒಡೆಯುವುದನ್ನು ಫ್ರಾನ್ಸಿನ ಸವಾರ್ 1833ರಲ್ಲಿ, ಇಂಗ್ಲೆಂಡಿನ ರೇಲೀ 1878ರಲ್ಲಿ ವಿವರಿಸಿದ್ದರು. ಆ ಪ್ರಬಂಧಗಳನ್ನು ಓದದ ಹುಡುಗರು ಅಂಗಳದಲ್ಲಿ ನೆನೆಯುತ್ತಲೇ ಅದನ್ನು ಕಂಡರು. ನಳಿಕೆಯ ಹಿಂದೆ ತಂಪುಪಾನೀಯದ ಕೊಳವೆಕಡ್ಡಿಗಳ ಕಟ್ಟೊಂದನ್ನು ತುರುಕಿದರೆ ಒಳಗಿನ ಸುಳಿಗಳು ಅಡಗಿ ಧಾರೆ ನೆಟ್ಟಗಾಗುತ್ತದೆ ಎಂಬುದನ್ನೂ ಕಂಡುಕೊಂಡರು. ಬಲ ಕೂಡಿಸುವುದಕ್ಕಿಂತ ಪೋಲಾಗುವ ಬಲವನ್ನು ತಡೆಯುವುದು ಹೆಚ್ಚು ಲಾಭದ್ದು.

ಎಚ್ಚರಿಕೆಯ ಎರಡು ಮಾತು

ಮೊದಲನೆಯದು ನನ್ನ ಮುಚ್ಚಳದ ಪಾಠ. ನೀರು ಇಕ್ಕಟ್ಟಾಗುವುದು ತೀರಾ ಅತ್ಯಲ್ಪ. ಗಾಳಿ ಇಕ್ಕಟ್ಟಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಪಾತ್ರೆ ಸೋತಾಗ ಒಮ್ಮೆಲೇ ಬಿಟ್ಟುಕೊಡುತ್ತದೆ. ಮನೆಗೆ ನೀರು ತರುವ ಪಿ.ವಿ.ಸಿ. ಪೈಪಿಗೆ ಗಾಳಿ ತುಂಬಿದರೆ ಅದು ಸಿಡಿದು ಚೂರುಗಳು ಗುಂಡಿನಂತೆ ಹಾರಬಹುದು. ಆದ್ದರಿಂದ ಮನೆಯಲ್ಲಿ ಯಾವ ಪಾತ್ರೆಗೂ ಪಂಪಿನಿಂದ ಗಾಳಿ ತುಂಬಬೇಡಿ. ರಭಸದ ಧಾರೆ ಕಣ್ಣಿಗೆ ಬಿದ್ದರೂ ಅಪಾಯವೇ.

ಎರಡನೆಯದು ಇನ್ನೂ ಗಂಭೀರ. 1992ರಲ್ಲಿ ಬಾಸ್ಟನ್ ನಗರದಲ್ಲಿ ನೀರೆರಚುವ ಆಟ ಜಗಳಕ್ಕೆ ತಿರುಗಿ, ನಿಜವಾದ ಬಂದೂಕಿನ ಗುಂಡಿಗೆ 15 ವರ್ಷದ ಹುಡುಗನೊಬ್ಬ ಬಲಿಯಾದ. ಈ ಆಟಿಕೆಯ ಮಾರಾಟ ನಿಲ್ಲಿಸುವಂತೆ ನಗರದ ಮೇಯರ್ ಅಂಗಡಿಗಳವರನ್ನು ಕೋರಿದರು. ಕೊಂದದ್ದು ನೀರಲ್ಲ, ನಿಜ. ಆದರೂ ಒದ್ದೆಯಾಗಲು ಒಪ್ಪದವರ ಮೇಲೆ ಎರಚಿದರೆ ಅದು ಆಟವಾಗಿ ಉಳಿಯುವುದಿಲ್ಲ. ನಮ್ಮ ಓಕುಳಿಗೂ ಈ ಮಾತು ಸಲ್ಲುತ್ತದೆ.

ಲಾರಾಮಿಯನ್ನು ಕೊಂಡ ಹ್ಯಾಸ್ಬ್ರೋ ಕಂಪನಿಯಿಂದ, ಬಾಕಿ ಗೌರವಧನದ ವಿವಾದದಲ್ಲಿ 2013ರಲ್ಲಿ ಜಾನ್ಸನ್‌ಗೆ ಸುಮಾರು 7.3 ಕೋಟಿ ಡಾಲರ್ ದೊರೆಯುವ ತೀರ್ಪು ಬಂತು. ಆಟಿಕೆಯಿಂದ ಬಂದ ಹಣವನ್ನು ಅವರು ಶಾಖದಿಂದ ವಿದ್ಯುತ್ ಪಡೆಯುವ ಸಾಧನ ಮತ್ತು ಹೊಸ ಬಗೆಯ ಬ್ಯಾಟರಿಗಳ ಸಂಶೋಧನೆಗೆ ತೊಡಗಿಸಿದರು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಎಂಜಿನಿಯರ್ ಆಗಲಾರೆ ಎಂದ ಆ ಪರೀಕ್ಷೆ ಉತ್ತರ ಪತ್ರಿಕೆಯನ್ನು ನೋಡಿತ್ತು, ಹುಡುಗನ ಕೈಗಳನ್ನು ನೋಡಿರಲಿಲ್ಲ. ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಆಟಿಕೆಯನ್ನು ಬಿಚ್ಚಿ ಕುಳಿತಿದ್ದರೆ, ಬೈಯುವ ಮುನ್ನ ಒಳಗೆ ಏನಿದೆ ಎಂದು ನೀವೂ ಒಮ್ಮೆ ಬಗ್ಗಿ ನೋಡಿ.

ಯೋಚಿಸಿ ನೋಡಿ

1. ಗಟಾರ್ ಪಂಪಿನ ಗಾಳಿ ಕೋಣೆಯಲ್ಲಿ ನೀರೇ ಪೂರ್ತಿ ತುಂಬಿಕೊಂಡರೆ ಧಾರೆ ಏನಾಗುತ್ತದೆ?

2. ನೀರಿನ ವೇಗವನ್ನು ಮೂರು ಪಟ್ಟು ಮಾಡಲು ಒತ್ತಡವನ್ನು ಎಷ್ಟು ಪಟ್ಟು ಹೆಚ್ಚಿಸಬೇಕು?

3. ಕೊಳಾಯಿಯನ್ನು ಸಣ್ಣಗೆ ಬಿಟ್ಟು ಧಾರೆ ಎಲ್ಲಿ ಹನಿಯಾಗಿ ಒಡೆಯುತ್ತದೆಂದು ಗಮನಿಸಿ. ಕೆಳಗೆ ಬಕೆಟ್ ಇಡಲು ಮರೆಯಬೇಡಿ.